ವಾರ್ಡಿಗೆ ಕಂಪ್ಯೂಟರ್ ಬಂತು, ಸಿಸ್ಟರ್ ಎಲ್ಲಿಂದ ಶುರು ಮಾಡಬೇಕು?

ನಮ್ಮ ವಾರ್ಡಿನಲ್ಲಿ ಒಮ್ಮೆ ಮೂವರು ಕಾವೇರಮ್ಮ ಒಟ್ಟಿಗೆ ಅಡ್ಮಿಟ್ ಆಗಿದ್ದರು. ಕೊಡಗಿನಲ್ಲಿ ಇದೇನು ಆಶ್ಚರ್ಯ ಅಲ್ಲ. ಒಬ್ಬರು 4ನೇ ಬೆಡ್, ಒಬ್ಬರು 9, ಇನ್ನೊಬ್ಬರು ಬಾಗಿಲ ಪಕ್ಕದ 12. ಕಾಗದದ ಕೇಸ್ ಶೀಟ್ ಇದ್ದ ಕಾಲದಲ್ಲಿ ಬೆಡ್ಡಿನ ಬುಡದಲ್ಲೇ ಶೀಟ್ ತೂಗುತ್ತಿತ್ತು. ಅಲ್ಲೇ ನಿಂತು ಬರೆಯುತ್ತಿದ್ದೆವು, ತಪ್ಪುವುದು ಕಡಿಮೆ. ಕಂಪ್ಯೂಟರ್ ಬಂದು ಎರಡನೇ ವಾರ ಇರಬೇಕು. 9ರ ಕಾವೇರಮ್ಮನ ಬಿಪಿ ನೋಡಿದೆ, 170/100. ಟೇಬಲ್ಲಿಗೆ ಬಂದೆ. ಪಟ್ಟಿಯಲ್ಲಿ ಮೊದಲು ಕಂಡ ಕಾವೇರಮ್ಮನನ್ನು ಒತ್ತಿ, ಎಂಟ್ರಿ ಮಾಡಿ, ಬೇರೆ ಕೆಲಸಕ್ಕೆ ಹೋದೆ. ಅರ್ಧ ಗಂಟೆಯಲ್ಲಿ 4ನೇ ಬೆಡ್ಡಿನವರಿಗೆ ಡ್ಯೂಟಿ ಡಾಕ್ಟರ್ ಬಿಪಿ ಮಾತ್ರೆ ಬರೆದಿದ್ದರು. ಮಾತ್ರೆ ಕೊಡಲು ಹೋದ ಹುಡುಗಿ ಅಭ್ಯಾಸದಂತೆ ಇನ್ನೊಮ್ಮೆ ಬಿಪಿ ನೋಡಿದಳು. 110/70. "ಅಕ್ಕಾ, ಇವರಿಗ್ಯಾಕೆ ಈ ಮಾತ್ರೆ?" ಅಂತ ಬಂದು ಕೇಳಿದಳು. ಅವಳು ಕೇಳಿದ್ದಕ್ಕೆ ಉಳಿದುಕೊಂಡೆವು.

ಟೈಪಿಂಗ್ ನನಗೆ ಅಷ್ಟೊತ್ತಿಗೆ ಚೆನ್ನಾಗಿಯೇ ಬರುತ್ತಿತ್ತು. ತರಬೇತಿಯ ಸರ್ಟಿಫಿಕೇಟೂ ಇತ್ತು. ಯಾರದು, ಏನು, ಎಷ್ಟು ಹೊತ್ತಿಗೆ ಅನ್ನುವ ಮೂರು ಪ್ರಶ್ನೆಗಳನ್ನು ನರ್ಸಿಂಗ್ ಮೊದಲ ವರ್ಷದಲ್ಲೇ ತಲೆಗೆ ತುಂಬಿದ್ದರು. ಪರದೆ ಮುಂದೆ ಕೂತ ತಕ್ಷಣ ಅದನ್ನೇ ಮರೆತಿದ್ದೆ. ಅದಕ್ಕೇ, ಕೊಡಗಿನ ಆಸ್ಪತ್ರೆ, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಉಪಕೇಂದ್ರಗಳಲ್ಲಿ ದುಡಿಯುವ ಸಿಸ್ಟರ್‌ಗಳಿಗೆ, ಬ್ರದರ್‌ಗಳಿಗೆ ನಾನು ಕಲಿತ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲ ವಾರ ಒಂದು ಚೀಟಿ ಸಾಕು

ಕಂಪ್ಯೂಟರ್ ಕ್ಲಾಸಿಗೆ ಸೇರಬೇಡಿ, ಈಗಲೇ ಬೇಡ. ಅಲ್ಲಿ ಪೇಂಟ್‌ನಲ್ಲಿ ಮನೆ ಬಿಡಿಸಿ, ಆಮೇಲೆ ವರ್ಡ್, ಆಮೇಲೆ ಎಕ್ಸೆಲ್ ಅಂತ ಹೋಗುತ್ತಾರೆ. ನಿಮ್ಮ ಕೆಲಸಕ್ಕೆ ಅದು ತಲುಪುವಷ್ಟರಲ್ಲಿ ನಿಮಗೆ ಸಾಕಾಗಿರುತ್ತದೆ. ಬದಲಿಗೆ ಜೇಬಿನಲ್ಲಿ ಒಂದು ಚೀಟಿ ಇಟ್ಟುಕೊಳ್ಳಿ. ಒಂದು ವಾರ, ಡ್ಯೂಟಿಯಲ್ಲಿ ಕಂಪ್ಯೂಟರ್, ಟ್ಯಾಬ್ ಅಥವಾ ಮೊಬೈಲ್ ಮುಟ್ಟಿದಾಗಲೆಲ್ಲ ಯಾಕೆ ಮುಟ್ಟಿದಿರಿ ಅಂತ ಒಂದು ಗೆರೆ ಬರೆಯಿರಿ.

ವಾರ್ಡಿನವರ ಚೀಟಿಯಲ್ಲಿ ಅಡ್ಮಿಷನ್, ಬಿಪಿ ಪಲ್ಸ್ ಟೆಂಪರೇಚರ್, ಔಷಧಿ ಇಂಡೆಂಟ್, ಲ್ಯಾಬ್ ರಿಪೋರ್ಟ್, ಡಿಸ್ಚಾರ್ಜ್ ಬರುತ್ತದೆ. ಪಿಎಚ್‌ಸಿ, ಉಪಕೇಂದ್ರದವರದ್ದು ಬೇರೆ ಲೋಕ. ಗರ್ಭಿಣಿಯರಿಗೆ ಆರ್‌ಸಿಎಚ್ ಪೋರ್ಟಲ್, ಲಸಿಕೆಗೆ ಯು-ವಿನ್, ಟಿಬಿಗೆ ನಿಕ್ಷಯ್, ಶುಗರ್ ಬಿಪಿಗೆ ಎನ್‌ಸಿಡಿ, ಡಾಕ್ಟರ ಜೊತೆ ಮಾತಾಡಲು ಇ-ಸಂಜೀವಿನಿ. ಒಂದೊಂದಕ್ಕೂ ಒಂದು ಲಾಗಿನ್. ಇಷ್ಟನ್ನೂ ಒಟ್ಟಿಗೆ ಕಲಿಯಲು ಹೋದರೆ ತಲೆ ಕೆಡುತ್ತದೆ. ಚೀಟಿಯಲ್ಲಿ ಜಾಸ್ತಿ ಸಲ ಬಂದ ಮೂರನ್ನು ಆರಿಸಿ. ಮೊದಲ ತಿಂಗಳು ಅವು ಮೂರೇ.

ಚಿಕ್ಕ ವಯಸ್ಸಿನವರಿಗೆ ಇದು ಸುಲಭ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಬಿಎಸ್ಸಿ ನರ್ಸಿಂಗ್ ಪಠ್ಯ ಬದಲಿಸಿದಾಗ ಆರೋಗ್ಯ ಮಾಹಿತಿ ತಂತ್ರಜ್ಞಾನವೂ ಅದರಲ್ಲಿ ಒಂದು ವಿಷಯ. ಹಾಗಾಗಿ ಈಗ ಬರುವವರಿಗೆ ಪರದೆ ಹೊಸದಲ್ಲ. ಆದರೆ ಯಾವ ಸಂಖ್ಯೆ ನೋಡಿ ಗಾಬರಿಯಾಗಬೇಕು ಅನ್ನುವುದು ಇಪ್ಪತ್ತು ವರ್ಷ ಸರ್ವೀಸ್ ಆದವರಿಗೆ ಗೊತ್ತು. ಇಬ್ಬರನ್ನೂ ಒಂದೇ ಶಿಫ್ಟಿಗೆ ಹಾಕಿ ಅಂತ ಇನ್‌ಚಾರ್ಜ್ ಸಿಸ್ಟರನ್ನು ಕೇಳಿಕೊಳ್ಳಿ.

ಕೈ ಪಳಗಲಿ

ದಿನಕ್ಕೆ ಹತ್ತು ನಿಮಿಷ, ಊಟದ ನಂತರ. ಒಂದು ಕಾಲಂನಿಂದ ಮುಂದಿನ ಕಾಲಂಗೆ ಹೋಗಲು ಮೌಸ್ ಬಿಟ್ಟು ಟ್ಯಾಬ್ ಕೀ ಒತ್ತುವುದು. ತಪ್ಪಿದ್ದನ್ನು ವಾಪಸ್ ತರಲು ಕಂಟ್ರೋಲ್ ಮತ್ತು ಝಡ್. ಅಕ್ಷರ ಸಣ್ಣದಾಗಿ ಕಂಡರೆ ಕಂಟ್ರೋಲ್ ಹಿಡಿದು ಪ್ಲಸ್. ನಲವತ್ತು ದಾಟಿದವರಿಗೆ ಇದೊಂದೇ ಅರ್ಧ ಭಯ ಕಳೆಯುತ್ತದೆ. ಎದ್ದು ಹೋಗುವಾಗ ವಿಂಡೋಸ್ ಕೀ ಮತ್ತು ಎಲ್ ಒಟ್ಟಿಗೆ ಒತ್ತಿದರೆ ಪರದೆ ಲಾಕ್ ಆಗುತ್ತದೆ. ಕನ್ನಡದಲ್ಲಿ ಬರೆಯಲು ಮೊಬೈಲ್, ಟ್ಯಾಬ್‌ನಲ್ಲಿ ಮೈಕ್ ಒತ್ತಿ ಮಾತಾಡಿದರೂ ಆಗುತ್ತದೆ. ಆದರೆ ವಾರ್ಡಿನ ಮಧ್ಯೆ ನಿಂತು ರೋಗಿಯ ಕಾಯಿಲೆಯನ್ನು ಜೋರಾಗಿ ಹೇಳಬೇಡಿ, ಅಷ್ಟೇ.

ಸರಿಯಾದ ಮನುಷ್ಯನನ್ನು ಹುಡುಕುವುದು

ನನ್ನ ಕೇಳಿದರೆ ಇಡೀ ವಿದ್ಯೆಯಲ್ಲಿ ಕಷ್ಟದ್ದು ಇದೇ. ನಮ್ಮ ಜಿಲ್ಲೆಯಲ್ಲಿ ಇನ್ನೂ ಕಷ್ಟ. ಪೂವಯ್ಯ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಎರಡು ಓ ಹಾಕುತ್ತಾರೆ, ಇನ್ನೊಬ್ಬರು ಯು. ಕಾರ್ಯಪ್ಪ ಕೆಲವರಿಗೆ ಸಿ ಇಂದ ಶುರು, ಕೆಲವರಿಗೆ ಕೆ ಇಂದ. ಮುತ್ತಮ್ಮನಲ್ಲಿ ಟಿ ಎಷ್ಟು, ಎಚ್ ಇದೆಯಾ ಇಲ್ವಾ? ಮನೆ ಹೆಸರನ್ನು ಒಬ್ಬರು ಪೂರ್ತಿ ಬರೆಸುತ್ತಾರೆ, ಇನ್ನೊಬ್ಬರು ಒಂದೇ ಇನಿಷಿಯಲ್ ಕೊಡುತ್ತಾರೆ. ಕೌಂಟರಿನ ಹುಡುಗ ಹೋದ ಸಲ ಹೇಗೆ ಬರೆದಿದ್ದನೋ ಹಾಗೆ ಬರೆಯದಿದ್ದರೆ ಕಂಪ್ಯೂಟರ್ "ಯಾರೂ ಇಲ್ಲ" ಅನ್ನುತ್ತದೆ. ಆಗ ನಾವೇನು ಮಾಡುತ್ತೇವೆ? ಹೊಸದಾಗಿ ನೋಂದಾಯಿಸುತ್ತೇವೆ. ಒಬ್ಬ ಮನುಷ್ಯನಿಗೆ ಎರಡು ಫೈಲ್. ಪೆನಿಸಿಲಿನ್ ಆಗುವುದಿಲ್ಲ ಅನ್ನುವ ಟಿಪ್ಪಣಿ ಹಳೆಯದರಲ್ಲಿ, ಇವತ್ತಿನ ಇಂಜೆಕ್ಷನ್ ಹೊಸದರಲ್ಲಿ.

ಹಾಗಾಗಿ ಹುಡುಕುವಾಗ ಪೂರ್ತಿ ಹೆಸರು ಹಾಕಬೇಡಿ. ಮೊದಲು ಆಸ್ಪತ್ರೆಯ ನೋಂದಣಿ ಸಂಖ್ಯೆ. ಅದಿಲ್ಲದಿದ್ದರೆ ಆಭಾ ಸಂಖ್ಯೆ (ಏನದು ಅಂತ ಕೆಳಗೆ ಹೇಳುತ್ತೇನೆ). ಅದೂ ಇಲ್ಲದಿದ್ದರೆ ಫೋನ್ ನಂಬರ್. ಕೊನೆಗೆ ಹೆಸರಿನ ಮೊದಲ ಮೂರು ಅಕ್ಷರ ಹಾಕಿ, ಜೊತೆಗೆ ವಯಸ್ಸು, ಊರು ನೋಡಿ. ಎರಡು ಮೂರು ಸ್ಪೆಲಿಂಗ್ ಪ್ರಯತ್ನಿಸದೆ ಹೊಸ ನೋಂದಣಿ ಮಾಡಿಸಬೇಡಿ.

ಸಿಕ್ಕ ಮೇಲೆ? ರೋಗಿಯ ಬಾಯಿಂದಲೇ ಎರಡು ವಿಷಯ ಹೇಳಿಸಿ, ಪೂರ್ತಿ ಹೆಸರು ಮತ್ತು ಹುಟ್ಟಿದ ದಿನ ಅಥವಾ ಊರು. "ನೀವು ಕಾವೇರಮ್ಮ ಅಲ್ವಾ?" ಅಂತ ಕೇಳಿದರೆ ಕಿವಿ ಮಂದ ಇರುವ ಅಜ್ಜಿ ಯಾವ ಹೆಸರಿಗೂ ಹೂಂ ಅನ್ನುತ್ತಾರೆ. "ಅಜ್ಜಿ, ನಿಮ್ಮ ಹೆಸರು ಹೇಳಿ, ಯಾವ ಊರು?" ಅಂತ ಕೇಳಿ. ಬರೀ ಬೆಡ್ ನಂಬರನ್ನೇ ನಂಬಿಕೊಳ್ಳಬೇಡಿ. ಕಿಟಕಿಯಿಂದ ಎರಚಲು ಬರುತ್ತದೆ ಅಂತ ಸಂಜೆ ಹೊತ್ತಿಗೆ ಬೆಡ್ ಬದಲಾಗಿರುತ್ತದೆ.

ಆಭಾ ಬಗ್ಗೆ ಒಂದೆರಡು ಮಾತು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾಗಿದ್ದು 2021ರ ಸೆಪ್ಟೆಂಬರ್ 27ರಂದು. ಅದರಲ್ಲಿ ಸಿಗುವ 14 ಅಂಕಿಯ ಆರೋಗ್ಯ ಸಂಖ್ಯೆಯೇ ಆಭಾ. ಇದು ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಅಲ್ಲ. ದಿನಕ್ಕೆ ಹತ್ತು ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ಆಭಾ ಕಡ್ಡಾಯವೂ ಅಲ್ಲ. ಇಲ್ಲ ಅಂತ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ತೋಟದ ಲೈನ್ ಮನೆಗಳಿಂದ, ಅಂದರೆ ಕೆಲಸಗಾರರ ಸಾಲು ಮನೆಗಳಿಂದ ಬರುವವರದ್ದು ಬೇರೆಯೇ ಕಥೆ. ಕಾಫಿ ಕೊಯ್ಲಿನ ಕಾಲದಲ್ಲಿ ಹೊರಗಿನಿಂದ ಬಂದ ಕೆಲಸಗಾರರು ಜಾಸ್ತಿ. ಫೋನ್ ನಂಬರ್ ಕೇಳಿದರೆ ಮೇಸ್ತ್ರಿಯದ್ದು ಕೊಡುತ್ತಾರೆ. ಒಂದೇ ನಂಬರಿಗೆ ಹತ್ತು ಹದಿನೈದು ಜನ ಸಿಗುವುದುಂಟು. ಹುಡುಕಲು ಕಷ್ಟ ಅನ್ನುವುದು ಸಣ್ಣ ವಿಷಯ. ಲ್ಯಾಬ್ ರಿಪೋರ್ಟಿನ ಮೆಸೇಜ್ ಆ ನಂಬರಿಗೇ ಹೋಗುತ್ತದೆ. ಹೆಣ್ಣುಮಗಳ ಗರ್ಭದ ಪರೀಕ್ಷೆ, ಒಬ್ಬರ ಟಿಬಿ, ಇನ್ನೊಬ್ಬರ ಎಚ್‌ಐವಿ ಮೇಸ್ತ್ರಿಯ ಜೇಬಿಗೆ ಹೋಗಬೇಕಾ? ನೋಂದಣಿ ಮಾಡುವಾಗಲೇ ಬದಿಗೆ ಕರೆದು ಕೇಳಿ: "ಈ ನಂಬರ್ ಯಾರದ್ದು? ರಿಪೋರ್ಟ್ ಇದಕ್ಕೆ ಬಂದರೆ ಪರವಾಗಿಲ್ವಾ?" ಬೇಡ ಅಂದರೆ ಆ ನಂಬರನ್ನು ಹಾಕಬೇಡಿ, ರಿಪೋರ್ಟನ್ನು ಕೈಗೇ ಕೊಡಿ. ಇದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ.

ಸಂಖ್ಯೆ, ಚುಕ್ಕಿ, ಗಂಟೆ

ಡ್ರಿಪ್ ಎಷ್ಟು ವೇಗದಲ್ಲಿ ಹೋಗಬೇಕು ಅಂತ ನೋಡಿಕೊಳ್ಳುವ ಇನ್ಫ್ಯೂಷನ್ ಪಂಪ್ ಕೂಡ ಕಂಪ್ಯೂಟರೇ, ಚಿಕ್ಕದು ಅಷ್ಟೇ. 500 ಎಂಎಲ್ ಡ್ರಿಪ್ 8 ಗಂಟೆಯಲ್ಲಿ ಹೋಗಬೇಕು ಅಂದರೆ ಗಂಟೆಗೆ 62.5. ಚುಕ್ಕಿ ಸರಿಯಾಗಿ ಒತ್ತದಿದ್ದರೆ 625 ಆಗುತ್ತದೆ. ಇಡೀ ಬಾಟಲಿ 48 ನಿಮಿಷದಲ್ಲಿ ಖಾಲಿ! ಹೃದಯ ಸೋತ ಮುದುಕರಿಗೆ ಅದು ಉಸಿರಿಗೇ ಕುತ್ತು. ಅದಕ್ಕೆ ಸ್ಟಾರ್ಟ್ ಒತ್ತುವ ಮುಂಚೆ ಬಾಯಲ್ಲಿ ಓದಿ: "ಗಂಟೆಗೆ ಅರವತ್ತೆರಡೂವರೆ, ಎಂಟು ಗಂಟೆ." ಪಂಪ್ ತೋರಿಸುವ ಉಳಿದ ಸಮಯ ಎಂಟು ಗಂಟೆಗೆ ಹೊಂದದಿದ್ದರೆ ಏನೋ ತಪ್ಪಿದೆ. ಕ್ಯಾಲ್ಕುಲೇಟರಿಗೂ ಇದೇ ಮಾತು. ಮೊದಲು ಮನಸ್ಸಿನಲ್ಲಿ ಒಂದು ಅಂದಾಜು, ಆಮೇಲೆ ಬಟನ್.

ಬರೆಯುವಾಗ ಅರ್ಧವನ್ನು 0.5 ಅಂತ ಬರೆಯಿರಿ, ಬರೀ .5 ಬೇಡ. ಒಂದನ್ನು 1 ಅಂತಲೇ ಬಿಡಿ, 1.0 ಮಾಡಿದರೆ ಯಾರೋ 10 ಓದುತ್ತಾರೆ. ಟೆಂಪರೇಚರ್ ಕಾಲಂ ಸೆಲ್ಸಿಯಸ್ ಕೇಳುತ್ತಿದೆಯಾ, ಫ್ಯಾರನ್‌ಹೀಟಾ? 38.5 ಸೆಲ್ಸಿಯಸ್ ಅಂದರೆ 101.3 ಫ್ಯಾರನ್‌ಹೀಟ್. ನೈಟ್ ಡ್ಯೂಟಿಯವರು ಇನ್ನೊಂದು ನೆನಪಿಡಬೇಕು, ರಾತ್ರಿ 12 ಆದ ಕೂಡಲೇ ತಾರೀಕು ಬದಲು. ನಮಗೆ ಅದು ಒಂದೇ ರಾತ್ರಿ, ಕಂಪ್ಯೂಟರಿಗೆ ಎರಡು ದಿನ. ಲೇಟಾಗಿ ಎಂಟ್ರಿ ಮಾಡುವಾಗ ಔಷಧಿ ಕೊಟ್ಟ ಗಂಟೆಯನ್ನೇ ಹಾಕಿ, ತಡವಾಗಿ ಬರೆದದ್ದು ಅಂತ ಸೇರಿಸಿ. ಇಲ್ಲದಿದ್ದರೆ ಮುಂದಿನ ಡೋಸಿನ ಲೆಕ್ಕ ಹಳ್ಳ ಹಿಡಿಯುತ್ತದೆ. ನಿಕ್ಷಯ್‌ನಲ್ಲಿ ಬ್ಯಾಂಕ್ ಖಾತೆಯ ಒಂದು ಅಂಕಿ ತಪ್ಪಿದರೆ ಟಿಬಿ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಬರುವ ತಿಂಗಳ 1000 ರೂಪಾಯಿ ಬರುವುದಿಲ್ಲ. ಅವರು ಬಂದು ಕೇಳುವುದು ನಿಮ್ಮನ್ನೇ.

ಯಂತ್ರ ತೋರಿಸಿದ್ದನ್ನೆಲ್ಲ ಹಾಗೇ ಬರೆಯಬೇಡಿ. ಜುಲೈ ತಿಂಗಳ ಚಳಿಯಲ್ಲಿ ನೆನೆದು ಬಂದವರ ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿದರೆ ರಕ್ತದ ಆಮ್ಲಜನಕ 84 ಅಂತ ತಪ್ಪಾಗಿ ತೋರಿಸಬಹುದು. ಮೊದಲು ರೋಗಿಯ ಮುಖ ನೋಡಿ, ಉಸಿರು ಎಣಿಸಿ. ನಿಜವಾಗಿಯೂ ಏದುಸಿರಿದ್ದರೆ ಮೀಟರಿಗೆ ಕಾಯಬೇಡಿ, ಡಾಕ್ಟರನ್ನು ಕರೆಯಿರಿ. ಆರಾಮವಾಗಿ ಮಾತಾಡುತ್ತಿದ್ದರೆ ಕೈ ಬೆಚ್ಚಗೆ ಮಾಡಿ, ಉಗುರು ಬಣ್ಣ ಇದ್ದರೆ ಬೇರೆ ಬೆರಳಿಗೆ ಹಾಕಿ, ಅಂಕಿ ನಿಂತ ಮೇಲೆ ಬರೆಯಿರಿ.

ಕಂಪ್ಯೂಟರಿನ ಚೌಕಗಳಲ್ಲಿ ಎಲ್ಲವೂ ಹಿಡಿಸುವುದಿಲ್ಲ. ಕೊಡವರ ಕಕ್ಕಡ ತಿಂಗಳ 18ನೇ ದಿನ ಬರುವುದು ಆಗಸ್ಟ್ ಮೊದಲ ವಾರ. ಮನೆಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ. ಮಾರನೇ ದಿನ ಆ ಸೊಪ್ಪಿನ ಬಣ್ಣಕ್ಕೆ ಮೂತ್ರ ಕೆಂಪು. ಹೊರಗಿನಿಂದ ಬಂದ ಹೊಸ ಸಿಸ್ಟರ್ "ಮೂತ್ರದಲ್ಲಿ ರಕ್ತ: ಹೌದು" ಅಂತ ಟಿಕ್ ಮಾಡಿದ್ದಳು. ತಪ್ಪು ಅವಳದ್ದಲ್ಲ, ಅಲ್ಲಿ ಇದ್ದದ್ದೇ ಹೌದು ಮತ್ತು ಇಲ್ಲ. ಇಂಥ ಕಡೆ ಕೆಳಗಿನ ಖಾಲಿ ಜಾಗ ಬಳಸಿ: "ಮೂತ್ರ ಕೆಂಪು, ನಿನ್ನೆ ಮದ್ದು ಸೊಪ್ಪಿನ ಪಾಯಸ ತಿಂದಿದ್ದಾರೆ, ನೋವಿಲ್ಲ." ಹಾಗಂತ ಪರೀಕ್ಷೆ ಬಿಡಿ ಅಂತಲ್ಲ. ಡಾಕ್ಟರಿಗೆ ಪೂರ್ತಿ ವಿಷಯ ತಲುಪಲಿ.

ಪಾಸ್‌ವರ್ಡ್, ವಾಟ್ಸಾಪ್

ಮಾನಿಟರಿನ ಅಂಚಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿಯನ್ನು ಇವತ್ತೇ ಕಿತ್ತುಹಾಕಿ. ನಿಮ್ಮ ಲಾಗಿನ್‌ನಲ್ಲಿ ಇನ್ನೊಬ್ಬರು ಕೊಟ್ಟ ಇಂಜೆಕ್ಷನ್ ಎಂಟ್ರಿ ಆದರೆ, ನಾಳೆ ಏನಾದರೂ ಆದಾಗ ಉತ್ತರ ಕೊಡಬೇಕಾದವರು ನೀವು. "ಸ್ವಲ್ಪ ನಿಮ್ಮದರಲ್ಲೇ ಹಾಕ್ತೀನಿ ಸಿಸ್ಟರ್" ಅಂದರೆ ಬೇಡ ಅನ್ನಲು ಮುಜುಗರ, ಗೊತ್ತು. ಆದರೂ ಬೇಡ ಅನ್ನಿ.

ವಾಟ್ಸಾಪಿನಲ್ಲಿ ಎಕ್ಸ್‌ರೇ, ಇಸಿಜಿ ಫೋಟೊ ಕಳಿಸದ ಆಸ್ಪತ್ರೆ ನಾನಂತೂ ನೋಡಿಲ್ಲ. ರಾತ್ರಿ ಎರಡು ಗಂಟೆಗೆ ಡಾಕ್ಟರಿಗೆ ಬೇಗ ತೋರಿಸಬೇಕು, ನಿಜ. ಹಾಗಾದರೆ ಗುಂಪಿಗೆ ಹಾಕಬೇಡಿ, ಆ ಡಾಕ್ಟರಿಗೆ ಮಾತ್ರ ಕಳಿಸಿ. ಫೋಟೊದಲ್ಲಿ ಹೆಸರು, ಮುಖ ಬೇಡ. ಯಾವ ರೋಗಿ ಅಂತ ಫೋನ್ ಮಾಡಿ ಹೇಳಿ. ಕೆಲಸ ಆದ ಮೇಲೆ ಗ್ಯಾಲರಿಯಿಂದ ಅಳಿಸಿ, ಮನೆಯಲ್ಲಿ ಮಕ್ಕಳು ಅದೇ ಫೋನಿನಲ್ಲಿ ಆಟ ಆಡುತ್ತಾರೆ ಅಲ್ವಾ. 2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಗೆ ಕಾನೂನೇ ಬಂದಿದೆ. ಚಾಟ್ ಮಾಡುವ ಎಐ ಆ್ಯಪ್‌ಗಳಿಗೂ ರೋಗಿಯ ಹೆಸರು, ರಿಪೋರ್ಟ್ ಹಾಕಬೇಡಿ. ಡೋಸ್ ಕೇಳಿ ಹಾಗೇ ಕೊಡುವುದಂತೂ ಬೇಡವೇ ಬೇಡ.

ಲಾಗಿನ್ ಬಂದ್ ಆಗುತ್ತದೆ, ಒಟಿಪಿ ಹೇಳಿ ಅಂತ ಫೋನ್ ಬಂದರೆ ಇಟ್ಟುಬಿಡಿ. ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಪರದೆಯ ಆಚೆ ಡಾಕ್ಟರ್

ಇ-ಸಂಜೀವಿನಿ ಬಂದದ್ದು 2019ರಲ್ಲಿ. ಕುಟ್ಟ, ಬಿರುನಾಣಿ, ಭಾಗಮಂಡಲ ಕಡೆಯವರಿಗೆ ಮಡಿಕೇರಿಗೆ ಹೋಗಿ ಬರುವ ಒಂದು ದಿನದ ಕೂಲಿ ಉಳಿಯುತ್ತದೆ ಅಂದರೆ ಸಣ್ಣ ಮಾತಲ್ಲ. ಆದರೆ ಕರೆ ಹಚ್ಚುವ ಮುಂಚೆ ಬಿಪಿ, ಶುಗರ್, ತೂಕ, ಅಲರ್ಜಿ, ಈಗ ತಿನ್ನುತ್ತಿರುವ ಮಾತ್ರೆ ಎಲ್ಲ ಬರೆದು ಮುಂದಿಟ್ಟುಕೊಳ್ಳಿ. ಮಾತ್ರೆ ಹೆಸರು ಗೊತ್ತಿಲ್ಲದಿದ್ದರೆ ಸ್ಟ್ರಿಪ್ ತರಿಸಿ. ರೋಗಿಯ ಹಿಂದೆ ಕಿಟಕಿ ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ, ಕಿಟಕಿಗೆ ಮುಖ ಮಾಡಿ ಕೂರಿಸಿ. ಚರ್ಮದ ಗಾಯ ತೋರಿಸುವಾಗ ಪಕ್ಕದಲ್ಲಿ ಸ್ಕೇಲ್ ಇಡಿ.

ಭಾಷೆಯದ್ದು ದೊಡ್ಡ ಕೆಲಸ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಎರವರ ಮಾತು, ಈಗ ಅಸ್ಸಾಮಿ, ಬಂಗಾಳಿ. ಅನುವಾದದ ಆ್ಯಪ್‌ಗೆ ಚಿಕ್ಕ ವಾಕ್ಯ ಕೊಡಿ. "ಎಲ್ಲಿ ನೋವು?" ಸಾಕು. ಬಂದ ಉತ್ತರವನ್ನು ಕೈ ತೋರಿಸಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ಆಪರೇಷನ್ ಒಪ್ಪಿಗೆಯಂಥದ್ದಕ್ಕೆ ಆ್ಯಪ್ ಬೇಡ, ಭಾಷೆ ಬಲ್ಲ ಮನುಷ್ಯರನ್ನೇ ಕರೆಸಿ. ಮೇಸ್ತ್ರಿಯನ್ನು ಕರೆಸುವ ಮೊದಲು ರೋಗಿಗೆ ಅದು ಸರಿಯಾ ಅಂತ ಕೇಳಿ.

ಮಳೆಗಾಲದ ತಯಾರಿ

2018ರ ಆಗಸ್ಟ್ ನೆನಪಿದೆಯಲ್ಲ. ಗುಡ್ಡ ಕುಸಿದು ರಸ್ತೆ, ಕರೆಂಟ್, ಫೋನ್ ಎಲ್ಲ ಹೋಗಿದ್ದ ಊರುಗಳೆಷ್ಟು. ಅಷ್ಟು ದೊಡ್ಡದು ಬೇಡ, ಒಂದು ಮರ ಲೈನಿನ ಮೇಲೆ ಬಿದ್ದರೆ ಸಾಕು, ಎರಡು ದಿನ ಕತ್ತಲೆ. ಮಳೆಯೇ ಬೇಕಂತಲೂ ಇಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸರ್ವರ್ ಮೇಲೆ ಸೈಬರ್ ದಾಳಿ ಆದಾಗ ಅಷ್ಟು ದೊಡ್ಡ ಆಸ್ಪತ್ರೆಯೇ ಸುಮಾರು ಎರಡು ವಾರ ಪೆನ್ನು ಕಾಗದಕ್ಕೆ ಮರಳಿತ್ತು.

ಜೂನ್ ಮೊದಲ ವಾರದೊಳಗೆ ಒಂದು ಪೆಟ್ಟಿಗೆ ತಯಾರು ಮಾಡಿ. ಖಾಲಿ ಚಾರ್ಟ್, ಔಷಧಿ ಶೀಟ್, ಲ್ಯಾಬ್ ಚೀಟಿ, ಕಾರ್ಬನ್, ಪೆನ್ನು, ಚಾರ್ಜ್ ಆದ ಟಾರ್ಚ್, ಅಗತ್ಯ ಫೋನ್ ನಂಬರುಗಳನ್ನು ಕೈಯಲ್ಲಿ ಬರೆದ ಹಾಳೆ. ಯುಪಿಎಸ್ ಎಷ್ಟು ನಿಮಿಷ ತಡೆಯುತ್ತದೆ ಅಂತ ಒಮ್ಮೆ ನಿಜವಾಗಿ ಪರೀಕ್ಷಿಸಿ. ಕಾಗದದಲ್ಲಿ ಬರೆದದ್ದೊಂದು ಇರಬಹುದು, ನಮ್ಮದು ಅದರ ಅರ್ಧವೂ ನಿಲ್ಲಲಿಲ್ಲ. ಮಳೆಗಾಲದಲ್ಲಿ ದಿನಾ ಸಂಜೆ ಮುಂದಿನ ಶಿಫ್ಟಿಗೆ ಓವರ್ ಕೊಡುವ ಮುಂಚೆ ರೋಗಿಗಳ ಪಟ್ಟಿಯನ್ನು ಪ್ರಿಂಟ್ ತೆಗೆದಿಡಿ. ಬೆಡ್, ಪೂರ್ತಿ ಹೆಸರು, ಅಲರ್ಜಿ, ರಾತ್ರಿಯ ಔಷಧಿ ಅದರಲ್ಲಿರಲಿ. ಬೆಳಿಗ್ಗೆ ಹೊಸದು ಬಂದ ಮೇಲೆ ಹಳೆಯದನ್ನು ಹರಿದುಹಾಕಿ. ಬೊಂಡ ಕಟ್ಟುವ ಕಾಗದ ಆಗಬಾರದು ಅದು.

ಕರೆಂಟ್ ಬಂದ ಮೇಲೆ ಗೊಂದಲ ಜಾಸ್ತಿ. ಒಂದೇ ಡೋಸನ್ನು ಇಬ್ಬರು ಎಂಟ್ರಿ ಮಾಡುತ್ತಾರೆ ಅಥವಾ ಯಾರೂ ಮಾಡುವುದಿಲ್ಲ. ಅದಕ್ಕೆ ಒಬ್ಬರನ್ನೇ ಕೂರಿಸಿ, ಬೇರೆ ಕೆಲಸ ಕೊಡಬೇಡಿ. ಏರಿಸಿದ ಪ್ರತಿ ಸಾಲಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಲಿ.

ಪಕ್ಕದವರಿಗೆ ಕಲಿಸುವುದು

ಕಲಿಸುವಾಗ ಮೌಸ್ ಕಸಿದುಕೊಳ್ಳಬೇಡಿ. "ಕೊಡಿ ಸಿಸ್ಟರ್, ನಾನು ಮಾಡ್ತೀನಿ" ಅಂದರೆ ಅವರು ಎಂದಿಗೂ ಕಲಿಯುವುದಿಲ್ಲ. ನಿಮ್ಮ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಯಲ್ಲಿ ಹೇಳಿ. ರಿಟೈರ್‌ಮೆಂಟಿಗೆ ಎರಡು ವರ್ಷ ಇದ್ದ ನಮ್ಮ ಸೀನಿಯರ್ ಒಬ್ಬರು ಎಲ್ಲರ ಮುಂದೆ ತಪ್ಪಾಗುತ್ತದೆ ಅಂತ ಕಂಪ್ಯೂಟರ್ ಹತ್ತಿರವೇ ಬರುತ್ತಿರಲಿಲ್ಲ. ನೈಟ್ ಡ್ಯೂಟಿಯಲ್ಲಿ, ಯಾರೂ ಇಲ್ಲದಾಗ, ಹದಿನೈದು ದಿನ ಕೂತರು. ಈಗ ಡಿಸ್ಚಾರ್ಜ್ ಎಂಟ್ರಿಯಲ್ಲಿ ಕಾಲಂ ಖಾಲಿ ಬಿಟ್ಟವರನ್ನು ಕರೆದು ಕೂರಿಸುವುದು ಅವರೇ.

ಇನ್ನು ತಂತ್ರಾಂಶದ ತೊಂದರೆ. ಬೈದುಕೊಂಡು ಸುಮ್ನೆ ಇರುವುದು ನಮ್ಮ ರೂಢಿ. ಅದರ ಬದಲು ಟೇಬಲ್ ಮೇಲೆ ಒಂದು ನೋಟ್‌ಬುಕ್ ಇಡಿ. ತಾರೀಕು, ಗಂಟೆ, ಏನು ಮಾಡಲು ಹೋದಾಗ ಏನಾಯಿತು ಅಂತ ಎರಡು ಸಾಲು ಬರೆಯಿರಿ. ಪ್ರತಿ ಸೋಮವಾರ ಅದನ್ನು ಇನ್‌ಚಾರ್ಜ್ ಮೂಲಕ ಕಂಪ್ಯೂಟರ್ ವಿಭಾಗಕ್ಕೆ ಕಳಿಸಿ. ನಾವು ಮೊದಲ ಪುಟದಲ್ಲಿ ಬರೆದದ್ದು ಕಾವೇರಮ್ಮಂದಿರ ವಿಷಯ. ನಾಲ್ಕು ತಿಂಗಳು, ಹದಿನಾರು ಸೋಮವಾರ ಅದನ್ನೇ ಬರೆದೆವು. ಈಗ ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲೇ ಬೆಡ್ ನಂಬರ್, ವಯಸ್ಸು, ಊರು ಕಾಣುತ್ತದೆ. ಒಂದೇ ಹೆಸರಿನವರು ಇಬ್ಬರಿದ್ದರೆ ಹಳದಿ ಬಣ್ಣವೂ ಬರುತ್ತದೆ. ಫೋಟೊ ಬೇಕು ಅಂತಲೂ ಕೇಳಿದ್ದೇವೆ, ಅದಿನ್ನೂ ಬಂದಿಲ್ಲ.